ಡಿಸ್ನಿ ರೆಸಾರ್ಟಿನೊಳಗಿನ ಎನ್‌ಬಿಎ, 2020: ಆ ಬಯೋಬಬಲ್ ಒಡೆಯದೆ ಉಳಿದದ್ದು ಯಾವ ಕಾರಣಕ್ಕೆ?

ಅಂಕಣದಾಚೆ (ಚರ್ಚೆ ಆರಂಭಿಸಿದವರು)

2020ರ ಮಾರ್ಚ್ 11ರ ರಾತ್ರಿ ಒಕ್ಲಹೋಮ ಸಿಟಿಯಲ್ಲಿ ಪಂದ್ಯ ಇನ್ನೇನು ಶುರುವಾಗಬೇಕು ಎನ್ನುವಾಗ ಯೂಟಾ ಜಾಝ್ ತಂಡದ ರೂಡಿ ಗೊಬೇರ್ ಅವರಿಗೆ ಕೋವಿಡ್ ಸೋಂಕು ತಗುಲಿರುವುದು ಗೊತ್ತಾಯಿತು. ಪಂದ್ಯವನ್ನು ಕೈಬಿಡಲಾಯಿತು, ಅದೇ ರಾತ್ರಿ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ಇಡೀ ಋತುವನ್ನೇ ನಿಲ್ಲಿಸಿತು. ಅದು ಮತ್ತೆ ಆರಂಭವಾದದ್ದು ಜುಲೈ 30ರಂದು, ಫ್ಲಾರಿಡಾದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ಮನರಂಜನಾ ಪಾರ್ಕುಗಳ ಆವರಣದೊಳಗೆ, ಹೊರಗಿನವರ ಸಂಪರ್ಕ ಕಡಿದುಕೊಂಡ ಬಯೋಬಬಲ್‌ನಲ್ಲಿ. ಮೂವತ್ತು ತಂಡಗಳ ಪೈಕಿ 22 ತಂಡಗಳು ಅಲ್ಲಿಗೆ ಹೋಗಿ ಮೂರು ಹೋಟೆಲ್‌ಗಳಲ್ಲಿ ತಂಗಿದವು, ಟಿಕೆಟ್ ಕೊಂಡ ಒಬ್ಬ ಪ್ರೇಕ್ಷಕನೂ ಇಲ್ಲದ ಮೂರು ಅಂಕಣಗಳಲ್ಲಿ ಆಡಿದವು, ಅಕ್ಟೋಬರ್ 11ರಂದು ಲಾಸ್ ಏಂಜಲೀಸ್ ಲೇಕರ್ಸ್ ತಂಡವು ಮಯಾಮಿ ಹೀಟ್ ತಂಡವನ್ನು 4–2ರಿಂದ ಸೋಲಿಸಿ ಪ್ರಶಸ್ತಿ ಎತ್ತಿತು. ಆರಂಭದ ಕ್ವಾರಂಟೈನ್ ಮುಗಿಸಿ ಒಳಗೆ ಬಂದ ಆಟಗಾರರಲ್ಲಿ ಒಬ್ಬರಿಗೂ ಅಲ್ಲಿ ಸೋಂಕು ದೃಢಪಡಲಿಲ್ಲ.

ಈ ಸಂಗತಿಯನ್ನು ನಮ್ಮ ಪತ್ರಿಕೆಗಳೂ ಕ್ರೀಡಾ ತಾಣಗಳೂ ವಿವರಿಸುವಾಗ ಸಾಮಾನ್ಯವಾಗಿ ತಂತ್ರಜ್ಞಾನದ ಕಡೆಗೇ ವಾಲುತ್ತವೆ: ದಿನನಿತ್ಯದ ಪರೀಕ್ಷೆ, ಮೈಯ ಉಷ್ಣಾಂಶ, ಹೃದಯಬಡಿತ ಅಳೆಯುವ ಉಂಗುರ, ಯಾರಾದರೂ ಆರು ಅಡಿಗಿಂತ ಹತ್ತಿರ ಬಂದು ನಿಂತರೆ ಸದ್ದು ಮಾಡುವ ಪುಟ್ಟ ಯಂತ್ರ, ನೂರಕ್ಕೂ ಹೆಚ್ಚು ಪುಟಗಳ ನಿಯಮಾವಳಿ. ಇವೆಲ್ಲ ಇದ್ದದ್ದು ನಿಜ. ಆದರೆ ಇವು ಬೇರೆ ಕಡೆಯೂ ಇದ್ದವು ಅಥವಾ ಇರಬಹುದಿತ್ತು. ಬೇರೆ ಕಡೆ ಇಲ್ಲದೆ ಅಲ್ಲಿ ಮಾತ್ರ ಇದ್ದದ್ದು ಒಂದೇ ಒಡೆತನ ಎಂಬುದು ನನ್ನ ವಾದ. ಸುಮಾರು 25,000 ಎಕರೆ ನೆಲ, ಅದರೊಳಗಿನ ರಸ್ತೆ, ಹೋಟೆಲ್, ಬಸ್ಸು, ಅಡುಗೆಮನೆ, ಕ್ರೀಡಾಂಗಣ, ಕೊನೆಗೆ ಪಂದ್ಯವನ್ನು ಬಿತ್ತರಿಸುವ ವಾಹಿನಿಗಳೂ ಒಬ್ಬನೇ ಮಾಲೀಕನ, ಅಂದರೆ ಡಿಸ್ನಿ ಕಂಪನಿಯ ಕೈಯಲ್ಲಿದ್ದವು. ಇಎಸ್‌ಪಿಎನ್ ಮತ್ತು ಎಬಿಸಿ ಎರಡೂ ಡಿಸ್ನಿಯವೇ. ಎನ್‌ಬಿಎ ಪಂದ್ಯಗಳ ಪ್ರಸಾರ ಹಕ್ಕು ಅವುಗಳ ಬಳಿಯೂ ಇತ್ತು. ಋತು ಮುಗಿಯದಿದ್ದರೆ ಬಾಡಿಗೆ ಕೊಡುವವನಿಗೂ ನಷ್ಟ, ಬಾಡಿಗೆಗೆ ಬರುವವನಿಗೂ ನಷ್ಟ ಎನ್ನುವ ಪರಿಸ್ಥಿತಿ ಅದು.

ಅಲ್ಲಿನ ಆಡಳಿತದ ಸ್ವರೂಪವನ್ನೂ ಗಮನಿಸಬೇಕು. ಫ್ಲಾರಿಡಾ ಶಾಸನಸಭೆಯು 1967ರಲ್ಲಿ ರೀಡಿ ಕ್ರೀಕ್ ಎಂಬ ವಿಶೇಷ ಆಡಳಿತ ಜಿಲ್ಲೆಯನ್ನು ರಚಿಸಿ, ರಸ್ತೆ, ನೀರು, ಅಗ್ನಿಶಾಮಕ ಸೇವೆ, ಕಟ್ಟಡ ಪರವಾನಗಿಯಂಥ ಅಧಿಕಾರಗಳನ್ನು ಕಾರ್ಯತಃ ಡಿಸ್ನಿಯ ಹತೋಟಿಗೆ ಬಿಟ್ಟುಕೊಟ್ಟಿತ್ತು. (2023ರಲ್ಲಿ ರಾಜ್ಯ ಸರ್ಕಾರ ಆ ವ್ಯವಸ್ಥೆಯನ್ನು ಬದಲಿಸಿತು, ಅದು ಬೇರೆಯೇ ಜಗಳ.) ಯಾವ ರಸ್ತೆಯನ್ನು ಮುಚ್ಚಬೇಕು, ಯಾವ ಬಾಗಿಲಲ್ಲಿ ಯಾರನ್ನು ಬಿಡಬೇಕು ಎಂದು ತೀರ್ಮಾನಿಸಲು ನಗರಸಭೆ, ಹೆದ್ದಾರಿ ಪ್ರಾಧಿಕಾರ ಎಂದು ಹತ್ತು ಕಡೆ ಅಲೆಯಬೇಕಾದ ಪ್ರಮೇಯವೇ ಅಲ್ಲಿರಲಿಲ್ಲ.

ಇನ್ನೊಂದು ಅಂಶ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಪಂದ್ಯಗಳು ನಡೆದ ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್ ಸಂಕೀರ್ಣವನ್ನು ಸಾಂಕ್ರಾಮಿಕಕ್ಕಾಗಿ ಕಟ್ಟಿದ್ದಲ್ಲ. ಅದು 1997ರಿಂದಲೂ ಇದೆ. ಶಾಲಾ ವಯಸ್ಸಿನ ಮಕ್ಕಳ ಟೂರ್ನಿಗಳನ್ನು ಅಲ್ಲಿ ನಡೆಸಿದರೆ ಮಗುವಿನ ಹಿಂದೆ ತಂದೆತಾಯಿ, ಅಜ್ಜಿತಾತ ಎಲ್ಲರೂ ಬಂದು ಡಿಸ್ನಿಯ ಹೋಟೆಲಿನಲ್ಲಿ ತಂಗುತ್ತಾರೆ, ಪಾರ್ಕಿಗೂ ಟಿಕೆಟ್ ಕೊಳ್ಳುತ್ತಾರೆ ಎನ್ನುವ ಲೆಕ್ಕಾಚಾರದಿಂದ ಬೆಳೆದ ಜಾಗ ಅದು. ಸಾವಿರಾರು ಜನರನ್ನು ತಂಡತಂಡವಾಗಿ ಬಸ್ಸಿನಲ್ಲಿ ಹೋಟೆಲಿನಿಂದ ಅಂಕಣಕ್ಕೆ, ಅಂಕಣದಿಂದ ಊಟಕ್ಕೆ ಸಾಗಿಸುವುದು ಅಲ್ಲಿನ ಸಿಬ್ಬಂದಿಗೆ ವರ್ಷಗಳಿಂದ ರೂಢಿಯಾಗಿತ್ತು. ಮಾರ್ಚ್ ಮಧ್ಯದಲ್ಲಿ ಪಾರ್ಕುಗಳು ಮುಚ್ಚಿದಾಗ ಆ ಕೋಣೆಗಳೂ ಅಂಕಣಗಳೂ ಒಟ್ಟಿಗೆ ಖಾಲಿಯಾದವು. ಲೀಗ್ ಬಂದು ಕೂತದ್ದು ಆ ಖಾಲಿ ಜಾಗದಲ್ಲಿ. ಕೊರೊನಾಡೊ ಸ್ಪ್ರಿಂಗ್ಸ್ ರೆಸಾರ್ಟಿನಲ್ಲಿ ಸಮ್ಮೇಳನ, ಔತಣಕೂಟಗಳಿಗೆಂದು ಇದ್ದ ದೊಡ್ಡ ಸಭಾಂಗಣಗಳ ನೆಲದ ಮೇಲೆ ಮರದ ಹಾಸು ಜೋಡಿಸಿ, ಬುಟ್ಟಿಗಂಬ ನಿಲ್ಲಿಸಿ ಅಭ್ಯಾಸದ ಅಂಕಣಗಳನ್ನಾಗಿ ಮಾಡಿದರು.

ನನ್ನ ಪ್ರಶ್ನೆ ಇಷ್ಟು: ಒಂದೇ ಒಡೆತನದ ಇಂಥ ನೆಲ ಇಲ್ಲದ ಕಡೆ ಬಯೋಬಬಲ್ ಎಂಬುದು ನಿಜವಾಗಿ ಸಾಧ್ಯವೇ? ಬೇರೆ ಲೀಗ್‌ಗಳ ಅನುಭವ ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಮೂರಂಕದ ಗೆರೆ

ಚರ್ಚೆಗೆ ವಂದನೆಗಳು. ಒಡೆತನದ ಮಾತನ್ನು ಒಪ್ಪುತ್ತೇನೆ, ಆದರೆ ಶಿಸ್ತಿನ ಪಾತ್ರವನ್ನು ತಾವು ಕಡಿಮೆ ಮಾಡಿದ್ದೀರಿ ಎನಿಸಿತು. ಬೇಲಿ ಗಟ್ಟಿಯಾಗಿದ್ದರೂ ಬೇಲಿಯೊಳಗಿನವರು ದಾಟಬಹುದಲ್ಲ. ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ರಿಚಾನ್ ಹೋಮ್ಸ್ ಹೊರಗಿನಿಂದ ತರಿಸಿದ ಊಟವನ್ನು ತೆಗೆದುಕೊಳ್ಳಲು ಗಡಿರೇಖೆಯಿಂದ ಒಂದಿಷ್ಟು ಆಚೆ ಕಾಲಿಟ್ಟ ಕಾರಣಕ್ಕೆ ಮತ್ತೆ ಕ್ವಾರಂಟೈನ್‌ಗೆ ಹೋಗಬೇಕಾಯಿತು. ಕ್ಲಿಪ್ಪರ್ಸ್‌ನ ಲೂ ವಿಲಿಯಮ್ಸ್ ಅಂತ್ಯಸಂಸ್ಕಾರಕ್ಕೆಂದು ಅನುಮತಿ ಪಡೆದು ಅಟ್ಲಾಂಟಕ್ಕೆ ಹೋದವರು ಅಲ್ಲಿನ ಒಂದು ಕ್ಲಬ್ಬಿಗೂ ಹೋಗಿಬಂದದ್ದು ಬಯಲಾಗಿ, ಹತ್ತು ದಿನ ಕೋಣೆಯಲ್ಲೇ ಕೂತು ಎರಡು ಪಂದ್ಯ ಕಳೆದುಕೊಂಡರು. ಹ್ಯೂಸ್ಟನ್ ರಾಕೆಟ್ಸ್‌ನ ಡ್ಯಾನ್ಯೂಯಲ್ ಹೌಸ್ ಅನುಮತಿಯಿಲ್ಲದ ಅತಿಥಿಯನ್ನು ಹೋಟೆಲ್ ಕೋಣೆಗೆ ಕರೆಸಿಕೊಂಡದ್ದಕ್ಕೆ ಪ್ಲೇಆಫ್ ನಡುವೆಯೇ ಆವರಣ ಬಿಟ್ಟು ಮನೆಗೆ ತೆರಳಬೇಕಾಯಿತು. ನಿಯಮ ಮುರಿದವರ ಬಗ್ಗೆ ಹೆಸರು ಹೇಳದೆ ದೂರು ಕೊಡಲು ಒಂದು ದೂರವಾಣಿ ಸಂಖ್ಯೆಯೂ ಇತ್ತು. ಆಟಗಾರರು ಅದನ್ನು ಗೇಲಿ ಮಾಡಿದರು, ಆದರೂ ಅದು ಇದೆ ಎಂಬ ಅರಿವು ಎಲ್ಲರಲ್ಲೂ ಇತ್ತು.

ಒಳಗಿನ ದಿನಚರಿಯ ಒಂದು ತುಣುಕು: ಬೆಳಿಗ್ಗೆ ಎದ್ದೊಡನೆ ಕೋಣೆಯಲ್ಲೇ ಜ್ವರ ನೋಡಿಕೊಂಡು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಎರಡರ ಅಂಕಿಯನ್ನೂ ಆ್ಯಪ್‌ಗೆ ತುಂಬಬೇಕು, ಆಮೇಲೆ ಪರೀಕ್ಷೆಗೆ ಮೂಗು ಮತ್ತು ಬಾಯಿಯ ದ್ರವ ಕೊಡಬೇಕು. ಎಲ್ಲವೂ ಸರಿಯಿದ್ದರಷ್ಟೇ ಕೈಯಲ್ಲಿನ ಮ್ಯಾಜಿಕ್‌ಬ್ಯಾಂಡ್ ಬಾಗಿಲು ತೆರೆಯುತ್ತದೆ. ಪಾರ್ಕಿಗೆ ಬರುವ ಮಕ್ಕಳು ಪ್ರವೇಶದ್ವಾರದಲ್ಲಿ ತಾಕಿಸಿ ಒಳಗೆ ಹೋಗಲು ಡಿಸ್ನಿ ರೂಪಿಸಿದ್ದ ಅದೇ ಪಟ್ಟಿ ಅದು. ಇಸ್ಪೀಟ್ ಎಲೆಗಳನ್ನು ಒಮ್ಮೆ ಆಡಿದ ಮೇಲೆ ಎಸೆಯಬೇಕು, ಟೇಬಲ್ ಟೆನಿಸ್‌ನಲ್ಲಿ ಡಬಲ್ಸ್ ಆಡುವಂತಿಲ್ಲ ಎಂದೂ ನಿಯಮವಿತ್ತು. ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಐವರ ಮೈಮೇಲೆ ಐವರು ಬೀಳಬಹುದು, ಟೇಬಲ್ ಟೆನಿಸ್‌ನಲ್ಲಿ ಮಾತ್ರ ಜೋಡಿ ಇರಬಾರದು ಎನ್ನುವುದು ಹಾಸ್ಯಾಸ್ಪದವಾಗಿ ತೋರಿದರೂ, ಅನಿವಾರ್ಯ ಸಂಪರ್ಕವನ್ನು ಉಳಿಸಿಕೊಳ್ಳಲು ಬೇಡದ ಸಂಪರ್ಕವನ್ನೆಲ್ಲ ಕತ್ತರಿಸಬೇಕು ಎಂಬ ತರ್ಕ ಅದರ ಹಿಂದಿದೆ.

ಆಟದ ಮಟ್ಟವಂತೂ ನಿರೀಕ್ಷೆಗೂ ಮೀರಿ ಉತ್ತಮವಾಗಿತ್ತು. ವಿಮಾನ ಪ್ರಯಾಣವಿಲ್ಲ, ತವರಿನ ಅನುಕೂಲವಿಲ್ಲ. ಫೀನಿಕ್ಸ್ ಸನ್ಸ್ ತಂಡ ಅಲ್ಲಿನ ಎಂಟೂ ಪಂದ್ಯ ಗೆದ್ದು, ಆದರೂ ಪ್ಲೇಆಫ್‌ಗೆ ಏರಲಾಗದೆ ಮನೆಗೆ ಮರಳಿತು. ಅಂಥ ನಿರಾಶೆಯನ್ನು ನಾನು ಕ್ರೀಡೆಯಲ್ಲಿ ಹೆಚ್ಚು ಕಂಡಿಲ್ಲ.

ಟ್ಯಾಂಪಾ ನಿವಾಸಿ

ನಾನು ಫ್ಲಾರಿಡಾದಲ್ಲಿ ಆಗಲೂ ಇದ್ದೆ, ಈಗಲೂ ಇದ್ದೇನೆ. ಟಿವಿಯಲ್ಲಿ ಕಂಡದ್ದು ಒಂದು, ಇಲ್ಲಿ ಬದುಕಿದವರಿಗೆ ಕಂಡದ್ದು ಇನ್ನೊಂದು. ತಂಡಗಳು ಬಂದಿಳಿದದ್ದು ಜುಲೈ 7ರಿಂದ 9ರೊಳಗೆ. ಡಿಸ್ನಿ ವರ್ಲ್ಡ್‌ನ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್ ಸಾರ್ವಜನಿಕರಿಗೆ ಮತ್ತೆ ತೆರೆದದ್ದು ಜುಲೈ 11ರಂದು. ಮರುದಿನ, ಜುಲೈ 12ರಂದು, ಫ್ಲಾರಿಡಾ ಒಂದೇ ದಿನ 15,300 ಹೊಸ ಪ್ರಕರಣಗಳನ್ನು ವರದಿ ಮಾಡಿತು. ಅಲ್ಲಿಯವರೆಗೆ ಅಮೆರಿಕದ ಯಾವ ರಾಜ್ಯವೂ ಒಂದು ದಿನದಲ್ಲಿ ಅಷ್ಟು ಪ್ರಕರಣ ಕಂಡಿರಲಿಲ್ಲ. ದೇಶದಲ್ಲೇ ಸೋಂಕು ತೀರ ಜೋರಾಗಿದ್ದ ಜಾಗದ ನಡುಮಧ್ಯೆ ಆಟಗಾರರು ಸುರಕ್ಷಿತವಾಗಿದ್ದರು ಎಂದರೆ ವ್ಯವಸ್ಥೆಯನ್ನು ಮೆಚ್ಚಲೇಬೇಕು.

ಆದರೆ ಆ ವ್ಯವಸ್ಥೆಯ ಗಡಿ ಎಲ್ಲಿತ್ತು? ಹಾಸಿಗೆಯ ಹೊದಿಕೆ ಬದಲಿಸುವವರು, ಅಡುಗೆಯವರು, ಬಸ್ಸು ನಡೆಸುವವರು ಆವರಣದೊಳಗೆ ವಾಸಿಸುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಮನೆಗೆ ಹೋಗಿ ಮರುದಿನ ಬರುತ್ತಿದ್ದರು. ಮಾಸ್ಕ್ ಧರಿಸಬೇಕು, ಆಟಗಾರರೊಂದಿಗೆ ಒಂದೇ ಕೋಣೆಯಲ್ಲಿ ಇರಬಾರದು ಎಂಬ ಎಚ್ಚರಿಕೆ ಅವರ ಮೇಲಿತ್ತೇ ಹೊರತು, ಆಟಗಾರರಿಗೆ ಸಿಗುತ್ತಿದ್ದ ದಿನನಿತ್ಯದ ಪರೀಕ್ಷೆ ಅವರ ಪಾಲಿಗೆ ಇರಲಿಲ್ಲ. ಬಬಲ್ ಎಂಬುದು ಆಟಗಾರನನ್ನು ನೌಕರನಿಂದ ಕಾಪಾಡುವ ಏರ್ಪಾಡಾಗಿತ್ತು. ನೌಕರನನ್ನು ಊರಿನಿಂದ ಕಾಪಾಡುವ ಹೊಣೆ ಅದಕ್ಕಿರಲಿಲ್ಲ. ಅದೇ ಹೊತ್ತಿನಲ್ಲಿ ಪಾರ್ಕಿನ ರಂಗಪ್ರದರ್ಶನದ ಕಲಾವಿದರ ಸಂಘವಾದ ಆ್ಯಕ್ಟರ್ಸ್ ಈಕ್ವಿಟಿ ತನ್ನ ಸದಸ್ಯರಿಗೆ ಪರೀಕ್ಷೆ ಬೇಕೆಂದು ಪಟ್ಟು ಹಿಡಿದಿತ್ತು, ಆ ಬಗ್ಗೆ ಒಪ್ಪಂದವಾದದ್ದು ಆಗಸ್ಟ್‌ನಲ್ಲಿ.

ಇನ್ನೊಂದು ದಿನಾಂಕವನ್ನೂ ಇಲ್ಲಿ ಸೇರಿಸಬೇಕು. ಸೆಪ್ಟೆಂಬರ್ 30ರಂದು ಫೈನಲ್ಸ್ ಸರಣಿಯ ಮೊದಲ ಪಂದ್ಯ. ಅದರ ಹಿಂದಿನ ದಿನ ಡಿಸ್ನಿ ತನ್ನ ಪಾರ್ಕು ಮತ್ತು ಸಂಬಂಧಿತ ವಿಭಾಗಗಳಲ್ಲಿ 28,000 ನೌಕರರನ್ನು ತೆಗೆಯುವುದಾಗಿ ಪ್ರಕಟಿಸಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅರೆಕಾಲಿಕ ಕೆಲಸಗಾರರು. ಒಂದೇ ಒಡೆತನದಿಂದ ಅನುಕೂಲವಾಯಿತು ಎಂದು ಚರ್ಚೆ ಆರಂಭಿಸಿದವರು ಬರೆದಿದ್ದಾರೆ. ಯಾರಿಗೆ ಅನುಕೂಲ ಎಂಬುದನ್ನೂ ಅವರು ಬರೆಯಬೇಕಿತ್ತು.

ಲೆಕ್ಕಪತ್ರ

ಇಷ್ಟೆಲ್ಲ ವಿಶ್ಲೇಷಣೆ ಏಕೆ? ಹಣ ಇತ್ತು, ಮಾಡಿದರು. 15 ಕೋಟಿ ಡಾಲರಿಗೂ ಮೀರಿ ವೆಚ್ಚವಾಯಿತು ಎಂದು ವರದಿಗಳಿದ್ದವು. ಋತು ರದ್ದಾಗಿದ್ದರೆ ಅದರ ಹಲವು ಪಟ್ಟು ಪ್ರಸಾರದ ಆದಾಯ ಹೋಗುತ್ತಿತ್ತು. ವ್ಯಾಪಾರಿ ಲೆಕ್ಕ ಹಾಕಿದ, ಲೆಕ್ಕ ಸರಿಹೊಂದಿತು.

ಅಂಕಣದಾಚೆ

ಲೆಕ್ಕಪತ್ರ ಅವರಿಗೆ: ಹಣವೊಂದೇ ಸಾಕಾಗಿದ್ದರೆ ಬೇಸ್‌ಬಾಲ್ ಲೀಗಿನ ಬಳಿಯೂ ಹಣ ಕಡಿಮೆಯೇನಿರಲಿಲ್ಲ. ಮೇಜರ್ ಲೀಗ್ ಬೇಸ್‌ಬಾಲ್ ಅದೇ ಜುಲೈನಲ್ಲಿ ಬಬಲ್ ಇಲ್ಲದೆ ಊರಿಂದೂರಿಗೆ ಪ್ರಯಾಣಿಸುತ್ತ ಋತುವನ್ನು ಆರಂಭಿಸಿ, ಕೆಲವೇ ದಿನಗಳಲ್ಲಿ ಮಯಾಮಿ ಮಾರ್ಲಿನ್ಸ್ ತಂಡದಲ್ಲಿ ಸೋಂಕು ಹಬ್ಬಿ ವೇಳಾಪಟ್ಟಿಯನ್ನೇ ಮತ್ತೆ ಬರೆಯಬೇಕಾಯಿತು. ಕೊನೆಗೆ ಅದರ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸನ್ನು ಟೆಕ್ಸಸ್‌ನ ಆರ್ಲಿಂಗ್ಟನ್‌ನ ಒಂದೇ ಕ್ರೀಡಾಂಗಣದಲ್ಲಿ ನಡೆಸಿದರು. ಅದರ ಕೊನೆಯ ಪಂದ್ಯದ ನಡುವೆಯೇ ಲಾಸ್ ಏಂಜಲೀಸ್ ಡಾಜರ್ಸ್‌ನ ಜಸ್ಟಿನ್ ಟರ್ನರ್ ಅವರಿಗೆ ಸೋಂಕು ಇರುವುದು ಗೊತ್ತಾಗಿ ಅವರನ್ನು ಆಟದಿಂದ ಹೊರಗೆ ಕರೆಸಬೇಕಾಯಿತು.

ಹಾಗೆಂದು ಡಿಸ್ನಿಯ ನೆಲವೇ ಮಾಂತ್ರಿಕ ಎಂದೂ ನಾನು ಹೇಳುತ್ತಿಲ್ಲ. ಎನ್‌ಬಿಎಗಿಂತ ಮೊದಲೇ ಅದೇ ಸಂಕೀರ್ಣದ ಹುಲ್ಲಿನ ಮೈದಾನಗಳಲ್ಲಿ ಫುಟ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಸಾಕರ್ ತನ್ನ ಟೂರ್ನಿಯನ್ನು ಜುಲೈ 8ರಂದು ಆರಂಭಿಸಿತ್ತು. ಎಫ್‌ಸಿ ಡಲ್ಲಾಸ್ ತಂಡದ ಹತ್ತು ಆಟಗಾರರಿಗೆ ಸೋಂಕು ದೃಢಪಟ್ಟು ಆ ತಂಡ ಆರಂಭಕ್ಕೆ ಮುನ್ನವೇ ಹಿಂದೆ ಸರಿಯಿತು. ಕೆಲವೇ ದಿನಗಳಲ್ಲಿ ನ್ಯಾಶ್‌ವಿಲ್ ತಂಡವೂ ಸೋಂಕಿನಿಂದಾಗಿ ಹಿಂದೆ ಸರಿಯಿತು. ಉಳಿದ 24 ತಂಡಗಳು ಆಡಿ ಮುಗಿಸಿದವು, ಆಗಸ್ಟ್ 11ರ ಫೈನಲ್‌ನಲ್ಲಿ ಪೋರ್ಟ್‌ಲ್ಯಾಂಡ್ ಟಿಂಬರ್ಸ್ ಒರ್ಲ್ಯಾಂಡೊ ಸಿಟಿಯನ್ನು 2–1ರಿಂದ ಸೋಲಿಸಿತು. ರೆಸಾರ್ಟ್ ಅದೇ, ಮಾಲೀಕರು ಅವರೇ. ಒಳಬರುವ ಬಾಗಿಲಲ್ಲಿ ಸೋಂಕು ಹೊತ್ತು ಬಂದವರನ್ನು ಪ್ರತ್ಯೇಕಿಸುವ ಹಂತದಲ್ಲಿ ಫುಟ್‌ಬಾಲ್‌ನವರು ತತ್ತರಿಸಿದರು. ಎನ್‌ಬಿಎ ಆ ಹಂತವನ್ನು ಕಟ್ಟುನಿಟ್ಟಾಗಿ ನಡೆಸಿತು: ಬಂದಿಳಿದವರು ಎರಡು ಪರೀಕ್ಷೆಗಳಲ್ಲಿ ಸೋಂಕಿಲ್ಲ ಎಂದು ಖಚಿತವಾಗುವವರೆಗೆ ಕೋಣೆಯ ಬಾಗಿಲು ದಾಟುವಂತಿರಲಿಲ್ಲ. ಮೊದಲ ಸುತ್ತಿನಲ್ಲಿ 322 ಆಟಗಾರರ ಪರೀಕ್ಷೆಯಾಗಿ ಇಬ್ಬರಲ್ಲಿ ಸೋಂಕು ಕಂಡಿತು, ಆ ಇಬ್ಬರೂ ಕ್ವಾರಂಟೈನ್ ಹಂತದಲ್ಲೇ ಇದ್ದುದರಿಂದ ಉಳಿದವರ ಜತೆ ಬೆರೆಯಲಿಲ್ಲ. ಒಂದು ವಾರದ ಬಳಿಕ 346 ಮಂದಿಯ ಫಲಿತಾಂಶ ಬಂದಾಗ ಸಂಖ್ಯೆ ಸೊನ್ನೆ.

ಟ್ಯಾಂಪಾ ನಿವಾಸಿ ಅವರ ಆಕ್ಷೇಪ ನ್ಯಾಯವಾದದ್ದು. ಆ ಕೆಲಸಗಾರರು ದಿನವೂ ಗಡಿ ದಾಟಿ ಬರುತ್ತಿದ್ದರೂ ಆಟಗಾರರಿಗೆ ಸೋಂಕು ತಗುಲಲಿಲ್ಲ ಎಂದರೆ, ಮಾಸ್ಕ್ ಹಾಕಿಕೊಂಡು ದೂರವಿದ್ದು ದುಡಿದ ಅವರ ಎಚ್ಚರಿಕೆಗೂ ಈ ಯಶಸ್ಸಿನಲ್ಲಿ ಪಾಲು ಸಲ್ಲಬೇಕು. ಲೀಗಿನ ವರದಿಗಳಲ್ಲಿ ಆ ಪಾಲಿನ ಉಲ್ಲೇಖವೇ ಅಪರೂಪ.

ಪ್ರಯೋಗಾಲಯದವರು

ನಾನು ರೋಗಪತ್ತೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನಾದ್ದರಿಂದ ಪರೀಕ್ಷೆಯ ವಿಷಯಕ್ಕೆ ಮಾತ್ರ ಬರುತ್ತೇನೆ. ಆ ಜುಲೈನಲ್ಲಿ ಅಮೆರಿಕದ ಹಲವೆಡೆ ಸಾಮಾನ್ಯ ನಾಗರಿಕರು ಗಂಟಲು ದ್ರವ ಕೊಟ್ಟು ಫಲಿತಾಂಶಕ್ಕಾಗಿ ವಾರಗಟ್ಟಲೆ ಕಾಯುತ್ತಿದ್ದರು. ವಾರದ ನಂತರ ಬರುವ ಫಲಿತಾಂಶಕ್ಕೆ ವೈದ್ಯಕೀಯವಾಗಿ ಹೆಚ್ಚಿನ ಬೆಲೆಯಿಲ್ಲ, ಅಷ್ಟರಲ್ಲಿ ಸೋಂಕಿತ ವ್ಯಕ್ತಿ ಹಂಚುವಷ್ಟನ್ನು ಹಂಚಿಯಾಗಿರುತ್ತದೆ. ಬಬಲ್‌ನಲ್ಲಿ ಒಂದು ದಿನ ಕೊಟ್ಟ ಮಾದರಿಯ ಫಲಿತಾಂಶ ಮರುದಿನದ ಅಭ್ಯಾಸಕ್ಕೆ ಮುಂಚೆ ಕೈಗೆ ಬರುತ್ತಿತ್ತು. ಯಶಸ್ಸಿನ ಗುಟ್ಟು ಈ ವೇಗದಲ್ಲಿದೆ, ಪರೀಕ್ಷೆಯ ಸೂಕ್ಷ್ಮತೆಯಲ್ಲಿ ಅಲ್ಲ. ನೆಲದ ಒಡೆತನವೂ ನನ್ನ ಲೆಕ್ಕದಲ್ಲಿ ಅದರ ನಂತರದ್ದು.

ಸಾರ್ವಜನಿಕರಿಗೆ ಸಿಗದ ವೇಗ ಆಟಗಾರರಿಗೆ ಸಿಕ್ಕಿತೇ ಎಂಬ ನೈತಿಕ ಪ್ರಶ್ನೆ ಆಗಲೇ ಎದ್ದಿತ್ತು, ಏಳಬೇಕಾದದ್ದೇ. ಅದರ ಇನ್ನೊಂದು ಬದಿಯನ್ನೂ ಹೇಳಬೇಕು. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಜೊಲ್ಲಿನ ಮಾದರಿಯಿಂದ ಕಡಿಮೆ ಖರ್ಚಿನಲ್ಲಿ ಸೋಂಕು ಪತ್ತೆ ಮಾಡುವ ಸಲೈವಾಡೈರೆಕ್ಟ್ ವಿಧಾನವನ್ನು ರೂಪಿಸುತ್ತಿದ್ದಾಗ ಎನ್‌ಬಿಎ ಮತ್ತು ಅದರ ಆಟಗಾರರ ಸಂಘ ಧನಸಹಾಯ ನೀಡಿದವು. ಲೀಗಿನ ಆಟಗಾರರೂ ಸಿಬ್ಬಂದಿಯೂ ಮಾದರಿಗಳನ್ನು ಕೊಟ್ಟರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ ತುರ್ತು ಬಳಕೆಯ ಅನುಮತಿಯನ್ನು 2020ರ ಆಗಸ್ಟ್ 15ರಂದು ಕೊಟ್ಟಿತು. ಒಂದೇ ಗುಂಪಿನ ಜನರಿಂದ ದಿನವೂ ಮಾದರಿ ಸಿಗುವುದು ಸಂಶೋಧಕರಿಗೆ ಬಹಳ ದುರ್ಲಭ. ಕ್ರೀಡೆ ಸಮಾಜದಿಂದ ತೆಗೆದುಕೊಂಡದ್ದನ್ನು ಇದು ಸರಿದೂಗಿಸಿತೇ ಎಂದು ಕೇಳಿದರೆ ಪೂರ್ತಿಯಾಗಿ ಇಲ್ಲ ಎನ್ನುತ್ತೇನೆ. ಆದರೆ ಏನೂ ಮರಳಲಿಲ್ಲ ಎನ್ನುವುದೂ ತಪ್ಪಾಗುತ್ತದೆ.

ವೈಟ್‌ಫೀಲ್ಡ್ ವಾಸಿ

ಚರ್ಚೆ ಆರಂಭಿಸಿದವರ ಪ್ರಶ್ನೆಗೆ ನಮ್ಮ ಊರಿನಲ್ಲೇ ಒಂದು ಉತ್ತರವಿದೆ. ಪ್ರೊ ಕಬಡ್ಡಿ ಲೀಗಿನ ಎಂಟನೇ ಆವೃತ್ತಿ 2021ರ ಡಿಸೆಂಬರ್ 22ರಿಂದ 2022ರ ಫೆಬ್ರುವರಿ 25ರವರೆಗೆ ಪೂರ್ತಿಯಾಗಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಶೆರಟನ್ ಗ್ರ್ಯಾಂಡ್ ಹೋಟೆಲ್ ಮತ್ತು ಸಮ್ಮೇಳನ ಕೇಂದ್ರದಲ್ಲಿ ನಡೆಯಿತು. ಮೊದಲೆಲ್ಲ ಊರಿಂದೂರಿಗೆ ಸಾಗುತ್ತಿದ್ದ ಲೀಗ್ ಅದು. ಬೆಂಗಳೂರಿನ ಪಂದ್ಯವೆಂದರೆ ಕಂಠೀರವ ಒಳಾಂಗಣ ಕ್ರೀಡಾಂಗಣ, ಕಿವಿ ಗಡಚಿಕ್ಕುವ ಕೂಗು. ಆ ಬಾರಿ 12 ತಂಡಗಳೂ ಒಂದೇ ಕಡೆ, ಹೋಟೆಲಿನ ಸಭಾಂಗಣದಲ್ಲಿ ಮ್ಯಾಟ್ ಹಾಸಿ, ಪ್ರೇಕ್ಷಕರಿಲ್ಲದೆ ಆಡಿದವು. ಮೊದಲ ಪಂದ್ಯದಲ್ಲೇ ಬೆಂಗಳೂರು ಬುಲ್ಸ್ ತಂಡ ಯು ಮುಂಬಾ ಎದುರು ಸೋತದ್ದು ನಮ್ಮ ಪಾಲಿನ ಬೇಸರ. ಫೈನಲ್‌ನಲ್ಲಿ ದಬಾಂಗ್ ಡೆಲ್ಲಿ ಪಟ್ನಾ ಪೈರೇಟ್ಸ್ ತಂಡವನ್ನು 37–36ರಿಂದ, ಒಂದೇ ಅಂಕದಿಂದ ಸೋಲಿಸಿತು.

ಕಬಡ್ಡಿಯಂಥ ಆಟಕ್ಕೆ ಬಬಲ್ ಎಷ್ಟು ಕಷ್ಟ ಎಂಬುದನ್ನು ಯೋಚಿಸಿ. ರೈಡರ್ ಉಸಿರು ಕಟ್ಟಿ ಬಾಯಿಬಿಟ್ಟು ಜಪಿಸುತ್ತಲೇ ಎದುರಾಳಿಯ ಅಂಗಳಕ್ಕೆ ನುಗ್ಗುತ್ತಾನೆ; ಏಳು ಮಂದಿ ಕೈಕೈ ಹಿಡಿದು ಸರಪಳಿ ಕಟ್ಟಿ ನಿಂತಿರುತ್ತಾರೆ; ಕ್ಷಣಾರ್ಧದಲ್ಲಿ ನಾಲ್ಕೈದು ಜನ ಅವನ ಮೇಲೆ ಬಿದ್ದು ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಒತ್ತಿ ಹಿಡಿಯುತ್ತಾರೆ. ಒಬ್ಬನಲ್ಲಿ ಸೋಂಕಿದ್ದರೆ ಒಂದು ರೈಡ್ ಸಾಕು. ಓಮೈಕ್ರಾನ್ ಹಬ್ಬಿದ ಜನವರಿಯಲ್ಲಿ ಎರಡು ತಂಡಗಳಲ್ಲಿ ಸೋಂಕು ಕಾಣಿಸಿ ವೇಳಾಪಟ್ಟಿ ಬದಲಾಯಿಸಬೇಕಾಯಿತು, ಆದರೆ ಟೂರ್ನಿ ನಿಲ್ಲಲಿಲ್ಲ. 25,000 ಎಕರೆ ಬೇಕಿಲ್ಲ. ಮಲಗುವ ಕೋಣೆ, ಊಟದ ಮನೆ, ಆಡುವ ಜಾಗ ಮೂರೂ ಒಂದೇ ಸೂರಿನಡಿ ಇದ್ದು, ಆಟಗಾರರು ರಸ್ತೆಗೆ ಇಳಿಯುವ ಅಗತ್ಯವೇ ಇರದಿದ್ದರೆ ಸಾಕು ಎಂಬುದನ್ನು ಇದು ತೋರಿಸುತ್ತದೆ. ಹೊರಾಂಗಣದ ಆಟಕ್ಕೆ ಮಾತ್ರ ಈ ಸೌಲಭ್ಯ ಸಿಗುವುದಿಲ್ಲ.

ಹೊಸ ಓದುಗ

ಒಂದು ಸಣ್ಣ ಪ್ರಶ್ನೆ. ಬಿಡದಿಯ ವಂಡರ್‌ಲಾದಲ್ಲೂ ಪಾರ್ಕಿನ ಪಕ್ಕದಲ್ಲೇ ರೆಸಾರ್ಟ್ ಇದೆಯಲ್ಲ, ಅಂಥ ಕಡೆ ಆಡಿಸಲು ಆಗುತ್ತಿರಲಿಲ್ಲವೇ? ಹಾಗೆಯೇ ಐಪಿಎಲ್‌ನಲ್ಲೂ ಬಯೋಬಬಲ್ ಇತ್ತು. 2021ರಲ್ಲಿ ಅದು ಏಕೆ ಒಡೆಯಿತು?

ಮೂರಂಕದ ಗೆರೆ

ವಂಡರ್‌ಲಾದಲ್ಲಿ ನೀರಾಟ, ರೋಲರ್ ಕೋಸ್ಟರ್ ಇವೆ. ಟೂರ್ನಿ ನಡೆಸುವ ಅಂಕಣಗಳಿಲ್ಲ. ಡಿಸ್ನಿ ಆಯ್ಕೆಯಾದದ್ದು ಪಾರ್ಕಿನ ಕಾರಣಕ್ಕಲ್ಲ, ಪಾರ್ಕಿನ ಜತೆ ಅಂಕಣಗಳೂ ಸಾವಿರಾರು ಕೋಣೆಗಳೂ ಇದ್ದ ಕಾರಣಕ್ಕೆ.

ಐಪಿಎಲ್ ವಿಷಯದಲ್ಲಿ ಎರಡು ವರ್ಷಗಳನ್ನು ಹೋಲಿಸಿ ನೋಡಿ. 2020ರ ಆವೃತ್ತಿ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸೆಪ್ಟೆಂಬರ್ 19ರಿಂದ ನವೆಂಬರ್ 10ರವರೆಗೆ ನಡೆಯಿತು. ದುಬೈ, ಅಬುಧಾಬಿ, ಶಾರ್ಜಾ ಈ ಮೂರೂ ಊರುಗಳ ನಡುವೆ ಬಸ್ಸಿನಲ್ಲೇ ಓಡಾಡಬಹುದು. ಆರಂಭಕ್ಕೆ ಮುನ್ನ ಚೆನ್ನೈ ತಂಡದಲ್ಲಿ ಸೋಂಕು ಕಂಡರೂ ಟೂರ್ನಿ ಮುಗಿಯಿತು. 2021ರಲ್ಲಿ ಏಪ್ರಿಲ್ 9ರಂದು ಭಾರತದಲ್ಲೇ ಆರಂಭಿಸಿ, ಆರು ನಗರಗಳಿಗೆ ಪಂದ್ಯಗಳನ್ನು ಹಂಚಿದರು. ಅಂದರೆ ತಂಡಗಳು ವಿಮಾನ ನಿಲ್ದಾಣ, ಹೊಸ ಹೋಟೆಲ್, ಹೊಸ ಸಿಬ್ಬಂದಿ, ಹೊಸ ಮೈದಾನ ಎಂದು ಬಬಲ್ ಅನ್ನು ಬಿಚ್ಚಿ ಮತ್ತೆ ಕಟ್ಟುತ್ತ ಸಾಗಬೇಕಾಯಿತು, ಅದೂ ಎರಡನೇ ಅಲೆಯ ನಟ್ಟನಡುವೆ. ಮೇ 3ರಂದು ಅಹಮದಾಬಾದಿನಲ್ಲಿ ನಮ್ಮ ಆರ್‌ಸಿಬಿ ಆಡಬೇಕಿದ್ದ ಪಂದ್ಯವೇ ಎದುರಾಳಿ ಕೋಲ್ಕತ್ತ ತಂಡದ ಇಬ್ಬರು ಆಟಗಾರರಿಗೆ ಸೋಂಕು ದೃಢಪಟ್ಟ ಕಾರಣ ಮುಂದಕ್ಕೆ ಹೋಯಿತು. ಮರುದಿನ, 29 ಪಂದ್ಯಗಳು ಮುಗಿದಿದ್ದಾಗ, ಇಡೀ ಟೂರ್ನಿಯನ್ನೇ ಅಮಾನತಿನಲ್ಲಿಟ್ಟರು. ಬೆಂಗಳೂರಿನ ಪಾಲಿನ ಪಂದ್ಯಗಳು ಆರಂಭವಾಗಿರಲೇ ಇಲ್ಲ. ಉಳಿದವನ್ನು ಸೆಪ್ಟೆಂಬರ್‌ನಿಂದ ಮತ್ತೆ ಅರಬ್ ಸಂಸ್ಥಾನದಲ್ಲಿ ಆಡಿಸಿದರು. ಗೋವಾದ ಮೂರು ಮೈದಾನಗಳಲ್ಲಿ ಇಡೀ 2020–21ರ ಋತುವನ್ನು ಮುಗಿಸಿದ ಇಂಡಿಯನ್ ಸೂಪರ್ ಲೀಗನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ.

ಟ್ಯಾಂಪಾ ನಿವಾಸಿ

ಇದುವರೆಗೆ ಯಾರೂ ಆಟಗಾರರ ಮನಸ್ಸಿನ ಸ್ಥಿತಿಯ ಬಗ್ಗೆ ಬರೆದಿಲ್ಲ. ಕ್ಲಿಪ್ಪರ್ಸ್‌ನ ಪಾಲ್ ಜಾರ್ಜ್ ತಾವು ಅಲ್ಲಿ ಆತಂಕ ಮತ್ತು ಖಿನ್ನತೆಗೆ ಒಳಗಾದದ್ದನ್ನು ಪತ್ರಕರ್ತರ ಮುಂದೆ ಬಿಚ್ಚಿ ಹೇಳಿದರು. ಕುಟುಂಬದವರಿಗೆ ಪ್ರವೇಶ ಸಿಕ್ಕದ್ದು ಪ್ಲೇಆಫ್‌ನ ಮೊದಲ ಸುತ್ತು ಮುಗಿಯುವ ಹೊತ್ತಿಗೆ. ಕೊನೆಯವರೆಗೆ ಉಳಿದ ಲೇಕರ್ಸ್ ಆಟಗಾರರು 95 ದಿನಗಳಷ್ಟು ಅಲ್ಲಿದ್ದರು. ಮೀನು ಹಿಡಿಯುವುದು, ಗಾಲ್ಫ್, ಮಯಾಮಿಯ ಜಿಮ್ಮಿ ಬಟ್ಲರ್ ತಮ್ಮ ಕೋಣೆಯಲ್ಲೇ ಯಂತ್ರ ಇಟ್ಟುಕೊಂಡು ಲೋಟಕ್ಕೆ 20 ಡಾಲರಿನಂತೆ ಕಾಫಿ ಮಾರಿದ್ದು ಎಲ್ಲ ಓದಲು ಸೊಗಸು. ಆದರೆ ಕೋಟ್ಯಧಿಪತಿಗಳಾದರೇನು, ಮಕ್ಕಳನ್ನು ತಿಂಗಳುಗಟ್ಟಲೆ ಕಾಣದೆ ಇರುವುದು ಸುಲಭವಲ್ಲ.

ಅಂಕಣದಾಚೆ

ತಾವು ಎತ್ತಿದ ವಿಷಯದೊಂದಿಗೆ ಇನ್ನೊಂದು ಹೆಣೆದುಕೊಂಡಿದೆ, ಈ ಇಡೀ ಪ್ರಸಂಗದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಅದು. ಆಗಸ್ಟ್ 23ರಂದು ವಿಸ್ಕಾನ್ಸಿನ್‌ನ ಕೆನೋಷಾದಲ್ಲಿ ಪೊಲೀಸರು ಜೇಕಬ್ ಬ್ಲೇಕ್ ಎಂಬ ಕಪ್ಪು ವರ್ಣೀಯ ವ್ಯಕ್ತಿಗೆ ಬೆನ್ನ ಹಿಂದಿನಿಂದ ಗುಂಡು ಹೊಡೆದರು. ಮೂರು ದಿನಗಳ ಬಳಿಕ, ಅದೇ ರಾಜ್ಯದ ಮಿಲ್ವಾಕಿ ಬಕ್ಸ್ ತಂಡ ಒರ್ಲ್ಯಾಂಡೊ ಮ್ಯಾಜಿಕ್ ಎದುರಿನ ಪಂದ್ಯಕ್ಕೆ ಅಂಕಣಕ್ಕೆ ಬರಲಿಲ್ಲ. ಎದುರಾಳಿಗಳು ಅಭ್ಯಾಸ ಮಾಡುತ್ತಿದ್ದರು, ಗಡಿಯಾರ ಓಡುತ್ತಿತ್ತು, ಬಕ್ಸ್ ಆಟಗಾರರು ಡ್ರೆಸ್ಸಿಂಗ್ ಕೊಠಡಿಯಲ್ಲೇ ಕೂತು ತಮ್ಮ ರಾಜ್ಯದ ಅಟಾರ್ನಿ ಜನರಲ್ ಜತೆ ಫೋನಿನಲ್ಲಿ ಮಾತನಾಡುತ್ತಿದ್ದರು. ಆ ದಿನದ ಉಳಿದ ಪಂದ್ಯಗಳೂ ನಿಂತವು.

ಅಂದು ರಾತ್ರಿ ಅಲ್ಲಿ ಉಳಿದಿದ್ದ ತಂಡಗಳ ಆಟಗಾರರೆಲ್ಲ ಹೋಟೆಲಿನಲ್ಲಿ ಒಟ್ಟಿಗೆ ಕೂತು ಆಟ ಮುಂದುವರಿಸಬೇಕೇ ಬೇಡವೇ ಎಂದು ಚರ್ಚಿಸಿದರು. ಸಾಮಾನ್ಯ ವರ್ಷದಲ್ಲಾದರೆ ಅವರು ಹತ್ತಾರು ಊರುಗಳಲ್ಲಿ, ಹತ್ತಾರು ವಿಮಾನಗಳಲ್ಲಿ ಚದುರಿರುತ್ತಿದ್ದರು. ಅಂಥ ಸಭೆ ನಡೆಯುವ ಸಂಭವವೇ ಇರಲಿಲ್ಲ. ಸೋಂಕು ಒಳಬರದಿರಲೆಂದು ಲೀಗ್ ಕಟ್ಟಿದ ಗಡಿ ಆಟದಲ್ಲಿ ಉಳಿದಿದ್ದ ಆಟಗಾರರನ್ನೆಲ್ಲ ಒಂದೇ ಕಡೆ ಕೂಡಿಹಾಕಿ, ಅವರಿಗೆ ಕಾರ್ಮಿಕ ಸಂಘದ ಸಭಾಭವನವನ್ನೇ ಒದಗಿಸಿದಂತಾಯಿತು. ಆಟ ಆಗಸ್ಟ್ 29ರಂದು ಮತ್ತೆ ಆರಂಭವಾಗುವ ಮೊದಲು, ತಂಡಗಳ ಒಡೆತನದಲ್ಲಿರುವ ಕ್ರೀಡಾಂಗಣಗಳನ್ನು ನವೆಂಬರ್ ಚುನಾವಣೆಗೆ ಮತಗಟ್ಟೆಗಳಾಗಿ ಬಿಟ್ಟುಕೊಡಲು ಪ್ರಯತ್ನಿಸುವುದೂ ಸೇರಿದಂತೆ ಕೆಲವು ಒಪ್ಪಂದಗಳಾದವು. ಒಡೆತನ ಒಂದೆಡೆ ಕ್ರೋಡೀಕರಿಸಿದಾಗ ಅದರ ಎದುರಿನ ಬಲವೂ ಒಂದೆಡೆ ಕೂಡಿಬರುತ್ತದೆ ಎಂಬ ಈ ಅಂಶವನ್ನು ರೆಸಾರ್ಟ್ ಆಯ್ಕೆ ಮಾಡಿದವರು ಊಹಿಸಿರಲಾರರು.

ಲೆಕ್ಕಪತ್ರ

ಇದು ನನಗೆ ಹೊಸ ನೋಟ, ಧನ್ಯವಾದ. ಒಂದು ಕೊನೆಯ ಅನುಮಾನ: ಅಷ್ಟು ಚೆನ್ನಾಗಿ ನಡೆದಿದ್ದರೆ ಮುಂದಿನ ಋತುವಿಗೂ ಅಲ್ಲಿಗೇ ಏಕೆ ಹೋಗಲಿಲ್ಲ?

ಮೂರಂಕದ ಗೆರೆ

ಮುಂದಿನ ಋತು 2020ರ ಡಿಸೆಂಬರ್ 22ರಂದು ಆರಂಭವಾಯಿತು, ತಂಡಕ್ಕೆ 72 ಪಂದ್ಯಗಳು. ಡಿಸ್ನಿಯಲ್ಲಿ ಪ್ಲೇಆಫ್‌ಗೆ ಮುಂಚೆ ತಂಡಕ್ಕೆ ಎಂಟೇ ಪಂದ್ಯಗಳಿದ್ದವು, ಸೋತ ತಂಡಗಳು ಒಂದೊಂದಾಗಿ ಮನೆಗೆ ಮರಳುತ್ತಿದ್ದುದರಿಂದ ಒಳಗಿನ ಜನಸಂಖ್ಯೆಯೂ ಕರಗುತ್ತ ಹೋಯಿತು. 30 ತಂಡಗಳನ್ನು ಆರು ತಿಂಗಳ ಮೇಲೆ ಹಾಗೆ ಇಡುವುದಕ್ಕೆ ಆಟಗಾರರ ಸಂಘ ಒಪ್ಪುವ ಸಾಧ್ಯತೆ ಇರಲಿಲ್ಲ, ಆಗ ಪಾರ್ಕುಗಳೂ ಹೋಟೆಲ್‌ಗಳೂ ಪ್ರವಾಸಿಗರಿಗೆ ತೆರೆದಿದ್ದವು. ತಂಡಗಳು ತವರು ಅಂಕಣಗಳಿಗೆ ಮರಳಿದವು. ಗಡಿ ನಿರ್ಬಂಧದಿಂದಾಗಿ ಕೆನಡಾದ ಟೊರಾಂಟೊ ರ‍್ಯಾಪ್ಟರ್ಸ್ ಮಾತ್ರ ಟ್ಯಾಂಪಾದಲ್ಲಿ ನೆಲೆಯೂರಿ ಆಡಿತು. ಜನವರಿಯ ಹೊತ್ತಿಗೆ ಸೋಂಕಿನಿಂದ ಪಂದ್ಯಗಳು ಒಂದರ ಹಿಂದೆ ಒಂದು ಮುಂದಕ್ಕೆ ಹೋಗತೊಡಗಿದವು, ಲೀಗ್ ಋತುವಿನ ದ್ವಿತೀಯಾರ್ಧದ ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸದೆ ತಡೆಹಿಡಿದಿದ್ದರಿಂದ ಮುಂದೂಡಿದ ಪಂದ್ಯಗಳನ್ನು ಅದರೊಳಗೆ ಸೇರಿಸಲು ಸಾಧ್ಯವಾಯಿತು.